ಏಳನೆಯ ಮಹಡಿಯ ರೊಟ್ಟಿ ಸಪ್ಪಳ

ಅವ್ವ ಮೊದಲ ಸಲ ಹೆಡ್‌ಸೆಟ್ ಹಾಕಿಕೊಂಡಾಗ ಅದರ ಪಟ್ಟಿ ಅವಳ ತುರುಬಿಗೆ ಸಿಕ್ಕಿ, ಮೇಲೂ ಬರದೆ ಕೆಳಗೂ ಇಳಿಯದೆ ಕೂತುಬಿಟ್ಟಿತು.

“ತುರುಬ ಬಿಚ್ಚಂಗಿಲ್ಲ ನಾ. ಬೇಕಾದ್ರ ನಿನ್ನ ಡಬ್ಬೀನ ಬಿಚ್ಚು” ಎಂದಳು.

ಪುಣೆ ಹತ್ತಿರದ ನಿಗಡಿಯ ನಮ್ಮ ಹೌಸಿಂಗ್ ಸೊಸೈಟಿಯ ಮೀಟಿಂಗ್ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನೆಲ್ಲ ಗೋಡೆಗೆ ಒತ್ತರಿಸಿ ನಡುವೆ ಜಾಗ ಮಾಡಿದ್ದೆ. ಪುಕ್ಕಟೆ ತಮಾಷೆ ಸಿಕ್ಕಿತೆಂದು ನೆರೆಹೊರೆಯವರು ಬಾಗಿಲಲ್ಲಿ ಗುಂಪುಗಟ್ಟಿದ್ದರು. ನನಗಂತೂ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಇನ್ನೂ ಪಾಯವನ್ನೇ ತೋಡದ ಕಟ್ಟಡದ ಏಳನೆಯ ಮಹಡಿಗೆ, ನಮ್ಮದಾಗಲಿರುವ ಮನೆಯೊಳಗೆ, ಹೆತ್ತ ತಾಯಿಯನ್ನು ನಾನೇ ಕರೆದುಕೊಂಡು ಹೋಗುವವಳಿದ್ದೆ! ಪಟ್ಟಿ ಸಡಿಲಿಸಿ ತುರುಬಿನ ಕೆಳಗಿನಿಂದ ತಂದು ಬಿಗಿದೆ.

ನಾನು ಸಿವಿಲ್ ಎಂಜಿನಿಯರಿಂಗ್ ಓದಿದವಳು. ಈಗ ಪುಣೆಯ ಒಂದು ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಕಟ್ಟುವ ಮೊದಲೇ ಕಟ್ಟಡದೊಳಗೆ ಜನರನ್ನು ಓಡಾಡಿಸಿ, ಅವರು ಎಲ್ಲಿ ತಡವರಿಸುತ್ತಾರೆ, ಎಲ್ಲಿ ಮುಖ ಸಿಂಡರಿಸುತ್ತಾರೆ ಎಂದು ನೋಡಿ, ಕಾಂಕ್ರೀಟು ಸುರಿಯುವ ಮೊದಲೇ ನಕಾಶೆಯನ್ನು ತಿದ್ದುವುದು ನನ್ನ ಕೆಲಸ. ಕಾಗದದ ಮೇಲಿನ ನಕಾಶೆ ಎಷ್ಟು ಜನರಿಗೆ ಅರ್ಥವಾಗುತ್ತದೆ ಹೇಳಿ? ಎಲ್ಲರೂ ತಲೆಯಾಡಿಸಿ ಸಹಿ ಹಾಕುತ್ತಾರೆ, ಗೋಡೆ ಎದ್ದ ಮೇಲೆ ಗೋಳಾಡುತ್ತಾರೆ. ಅದೇ ಕಟ್ಟಡವನ್ನು ಕಣ್ಣೆದುರು ತಂದು ನಿಲ್ಲಿಸುವ ಈ ಹೆಡ್‌ಸೆಟ್ ಹಾಕಿಸಿ ನೋಡಿ, ಎರಡು ಹೆಜ್ಜೆ ನಡೆಯುವುದರೊಳಗೆ “ಅಯ್ಯೋ, ಈ ಬಾಗಿಲು ಹೀಗೇಕೆ ತೆಗೆಯುತ್ತದೆ?” ಎನ್ನುತ್ತಾರೆ. ಆ ‘ಅಯ್ಯೋ’ ಕೇಳುವುದೆಂದರೆ ನನಗೆ ಹಬ್ಬ. ಈ ವಿಷಯ ಬಂದರೆ ನನ್ನ ಬಾಯಿಗೆ ಬೀಗವಿಲ್ಲ, ಮನೆಗೆ ಬಂದವರಿಗೂ ಚಹಾ ಕೊಡುವ ಮೊದಲೇ ಹೆಡ್‌ಸೆಟ್ ಕೊಡುತ್ತೇನೆ ಎಂದು ಅವ್ವ ಬೈಯುತ್ತಾಳೆ.

ನಮ್ಮ ಸೊಸೈಟಿಯ ಹಳೆಯ ಮೂರಂತಸ್ತಿನ ಕಟ್ಟಡ ರಿಡೆವಲಪ್‌ಮೆಂಟಿಗೆ, ಅಂದರೆ ಕೆಡವಿ ಹೊಸದಾಗಿ ಕಟ್ಟಲು, ಹೋಗುವುದೆಂದು ನಿಶ್ಚಯವಾದಾಗ, ಈ ಪ್ರಯೋಗವನ್ನು ಇಲ್ಲೇ ಮಾಡುತ್ತೇನೆ ಎಂದು ನಾನೇ ಮುಂದೆ ಬಿದ್ದು ಕೇಳಿದೆ. ಬಿಲ್ಡರನ ಕಡೆಯ ಆರ್ಕಿಟೆಕ್ಟ್ ನನ್ನಷ್ಟೇ ವಯಸ್ಸಿನ ಹುಡುಗ. ಅವನೂ ಒಪ್ಪಿ ಕಂಪ್ಯೂಟರಿನ ಮಾದರಿಯನ್ನು ಕೊಟ್ಟ. ಹೊರಗೆ ಹೇಳಿದ ಕಾರಣ ಸಂಶೋಧನೆ. ಒಳಗಿನ ಕಾರಣ ಅವ್ವನ ರೊಟ್ಟಿ.

ಅವ್ವ ಖಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಕಲಬುರಗಿ ಕಡೆಯಿಂದ ಅಪ್ಪನ ಕೈಹಿಡಿದು ಬಂದವಳು. ಅಪ್ಪ ಚಿಂಚವಡದ ಕಾರ್ಖಾನೆಯಲ್ಲಿ ದುಡಿದ; ಅವನು ತೀರಿಕೊಂಡ ಮೇಲೆ ಮನೆ ನಡೆದದ್ದು, ನಾನು ಓದಿದ್ದು, ಎಲ್ಲ ರೊಟ್ಟಿಯ ಮೇಲೆಯೇ. ನಾವಿದ್ದದ್ದು ನೆಲಮಹಡಿಯಲ್ಲಿ. ಹಿಂಬಾಗಿಲ ಪಡಸಾಲೆಯಲ್ಲಿ ಅವ್ವ, ಜೊತೆಗೆ ಇನ್ನಿಬ್ಬರು ಹೆಂಗಸರು, ಬೆಳಕು ಹರಿಯುವಾಗಲೇ ನೆಲದ ಮೇಲೆ ಕೂತು ಬಡಿಯಲು ಸುರುಮಾಡಿದರೆ ಮಧ್ಯಾಹ್ನದವರೆಗೂ ನಿಲ್ಲುತ್ತಿರಲಿಲ್ಲ. ಕೆಳಗೆ ಬರೀ ಮಣ್ಣು, ಯಾರಿಗೂ ತೊಂದರೆಯಿರಲಿಲ್ಲ. ಹೊಸ ಕಟ್ಟಡದಲ್ಲಿ ನೆಲಮಹಡಿಯೆಲ್ಲ ಪಾರ್ಕಿಂಗು. ಚೀಟಿ ಎತ್ತಿದಾಗ ನಮಗೆ ಬಂದದ್ದು ಏಳನೆಯ ಮಹಡಿ. ಅಲ್ಲಿ ಅವ್ವ ರೊಟ್ಟಿ ಬಡಿಯಬಹುದೇ, ಇಲ್ಲವೇ? ಇದಿಷ್ಟೇ ನನ್ನ ಪ್ರಶ್ನೆ.

ಅವ್ವ ಹಾಲಿನ ನಡುವೆ ಎರಡೂ ಕೈ ಮುಂದೆ ಚಾಚಿಕೊಂಡು ನಿಧಾನವಾಗಿ ನಡೆದಳು. ಕಿಟಕಿಯ ಹತ್ತಿರ ನಿಂತು ಕೆಳಗೆ ಬಗ್ಗಿ ನೋಡಿ “ಎವ್ವಾ!” ಎಂದು ಹಿಂದೆ ಸರಿದಳು. ಬಾಗಿಲಲ್ಲಿದ್ದವರು ಹೋ ಎಂದು ನಕ್ಕರು. ದೇವರ ಗೂಡಿಗೆ ಕೈಮುಗಿದಳು. ಅಡುಗೆಮನೆಗೆ ಹೋಗಿ ಕಟ್ಟೆಯ ಮೇಲೆ ಕೈಯಾಡಿಸಿದಳು. ಆಮೇಲೆ, ಯಾರೂ ಹೇಳದೆಯೇ, ಸೀರೆಯ ನೆರಿಗೆಯನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ಹಾಲಿನ ಬರಿ ನೆಲದ ಮೇಲೆ ಕುಳಿತುಬಿಟ್ಟಳು.

“ಏ, ನಾ ಕೆಳಗ ಕುಂತೀನಿ, ಆದ್ರ ನೆಲ ಅಲ್ಲೇ ಅದ. ಗಾಳ್ಯಾಗ ತೇಲಾಕತ್ತೀನಿ! ಹಿಡಿ ನನ್ನ!”

ನಾನು ಓಡಿಹೋಗಿ ಹಿಡಿದೆ. ಆದದ್ದಿಷ್ಟು: ನೋಡುವವರಿಗೆ ತಲೆ ಸುತ್ತಬಾರದೆಂದು ಕಣ್ಣಿನ ಎತ್ತರವನ್ನು ನಿಂತ ಮನುಷ್ಯರ ಅಳತೆಗೆ ಒಂದೇ ಕಡೆ ಕಟ್ಟಿಹಾಕಿದ್ದೆ. ಕಾಲೇಜಿನಲ್ಲಿ ಎಷ್ಟೋ ಜನ ಆ ಅಡುಗೆಮನೆಯನ್ನು ಹೊಕ್ಕು ಬಂದಿದ್ದರು. ಒಬ್ಬರೂ ಅಲ್ಲಿ ಕೂತಿರಲಿಲ್ಲ. ಅಡುಗೆ ಮಾಡುವುದೆಂದರೆ ನಿಂತು ಮಾಡುವುದು ಎಂದು ನಾವೆಲ್ಲ ಸೇರಿ ತೀರ್ಮಾನಿಸಿಬಿಟ್ಟಿದ್ದೆವು. ನೆಲದ ಮೇಲೆ ಕೂತು ರೊಟ್ಟಿ ಬಡಿಯುವವಳ ಮಗಳಾಗಿ ನನಗೂ ಹೊಳೆಯಲಿಲ್ಲವಲ್ಲ ಎಂದು ನಗು ಬಂತು. ಅಲ್ಲೇ ಲ್ಯಾಪ್‌ಟಾಪ್ ತೆರೆದು ಆ ಕಟ್ಟು ಬಿಚ್ಚಿದೆ.

ಎರಡನೆಯ ಸಲ ಕೂತಾಗ ಕಟ್ಟೆ ಮೇಲಕ್ಕೆ ಹೋಯಿತು, ನೆಲ ಅವಳ ಹತ್ತಿರ ಬಂತು. ಅವ್ವ ಬರಿ ಕೈಯಲ್ಲೇ ಹಿಟ್ಟಿನ ಉಂಡೆ ತೆಗೆದುಕೊಂಡಂತೆ ಮಾಡಿ, ತಿರುವುತ್ತ ತಿರುವುತ್ತ ಬಡಿಯತೊಡಗಿದಳು. ಕೈ ತಡೆದು, “ಒಲಿ ಎಲ್ಲಿ ಅದ? ಮ್ಯಾಲ? ನಾ ಇಲ್ಲಿ ಕುಂತು ಬಡದು ಅಲ್ಲಿ ಎದ್ದು ಬೇಯಿಸಬೇಕೇನ?” ಎಂದಳು. ಯುಟಿಲಿಟಿ ಬಾಲ್ಕನಿಯ ಪಕ್ಕದ ಮೂಲೆಯನ್ನು ನಾನು ಅಲ್ಲೇ, ಅವಳ ಕಣ್ಣೆದುರೇ, ಬೆರಳಲ್ಲಿ ಎಳೆದು ಅಗಲಮಾಡಿದೆ. ಒಲೆಯನ್ನು ನೆಲಕ್ಕಿಳಿಸಿದೆ. ಕಿಟಕಿಯನ್ನೂ ತಗ್ಗಿಸಿದೆ, ಕೂತವಳ ಮುಖಕ್ಕೆ ಗಾಳಿ ಬರಲಿ ಎಂದು. ಗೋಡೆಗಳು ಸರಿದಾಡುವುದನ್ನು ಕಂಡು ಅವ್ವ ಹೆಡ್‌ಸೆಟ್ಟಿನೊಳಗೇ ಕಿಲಕಿಲ ನಕ್ಕಳು. “ಇನ್ನಾ ಸ್ವಲ್ಪ ಸರಸು. ಇನ್ನಾ ಸ್ವಲ್ಪ. ಹಾಂ, ಈಗ ಮೂರೂ ಮಂದಿ ಕುಂದ್ರಬಹುದು.” ನನಗೆ ಕುಣಿಯುವಷ್ಟು ಸಂತೋಷವಾಯಿತು. ಸಂಶೋಧನೆ ಎಂದರೆ ಇದೇ ಅಲ್ಲವೇ!

ಆಮೇಲೆ ಸೊಸೈಟಿಯ ಚೇರ್ಮನ್ ಕಾಕಾ ಅವರ ಸರದಿ. ಕಾಕಾ ಮರಾಠಿಯವರು. ಬದುಕೆಲ್ಲ ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ, ತಗಡು ಬಡಿಯುವ ಯಂತ್ರಗಳ ನಡುವೆ ಕಳೆದವರು. ನಿವೃತ್ತರಾದ ಮೇಲೆ ಗದ್ದಲವೆಂದರೆ ಅವರಿಗೆ ಆಗದು. ಗಣಪತಿ ಹಬ್ಬದಲ್ಲಿ ಪೆಂಡಾಲಿಗೆ ಹೋದರೆ ಮೊದಲು ಧ್ವನಿವರ್ಧಕದ ಗುಂಡಿ ತಿರುಗಿಸಿ, ಆಮೇಲೆ ದೇವರಿಗೆ ನಮಸ್ಕಾರ ಮಾಡುವವರು. ಅವರ ಹೊಸ ಮನೆ ಆರನೆಯ ಮಹಡಿಯಲ್ಲಿ, ನಮ್ಮ ಮನೆಯ ನೇರ ಕೆಳಗೆ.

ಕಾಕಾ ತಮ್ಮ ಮಲಗುವ ಕೋಣೆಯಲ್ಲಿ ನಿಂತು ಸುತ್ತ ನೋಡಿದರು, ಚೆನ್ನಾಗಿದೆ ಎಂದರು. ಆಮೇಲೆ ತಲೆಯೆತ್ತಿ ಸೂರನ್ನು ನೋಡಿದರು.

“ವರ್ ಕೋಣ್?” ಎಂದು ಕೇಳಿದರು. ಮೇಲೆ ಯಾರು?

“ನಾವೇ ಕಾಕಾ” ಎಂದೆ, ಉತ್ಸಾಹದಲ್ಲಿ. “ಅಡುಗೆಮನೆಯನ್ನು ಈಗಷ್ಟೇ ಅಗಲ ಮಾಡಿದೆ. ಅವ್ವ ರೊಟ್ಟಿ ಬಡಿಯುವುದು ಇಲ್ಲೇ, ನಿಮ್ಮ ತಲೆಯ ಮೇಲೇ.”

ಕಾಕಾ ಹೆಡ್‌ಸೆಟ್ ತೆಗೆದರು. ಮುಖದಲ್ಲಿ ಕೋಪವೇನೂ ಇರಲಿಲ್ಲ. ಮರಾಠಿಯಲ್ಲಿ ಮೆತ್ತಗೇ ಹೇಳಿದರು, “ಮಗಳೇ, ನಿನ್ನ ತಾಯಿಯ ಮೇಲೆ ನನಗೆ ಗೌರವವಿದೆ. ಆದರೆ ಬದುಕೆಲ್ಲ ಬಡಿತ ಕೇಳಿದ್ದೇನೆ. ಇನ್ನು ಕೇಳಲಾರೆ. ಮನೆಯೊಳಗೆ ಸದ್ದಿನ ಉದ್ಯೋಗ ನಡೆಸಬಾರದು ಎಂದು ಒಂದು ನಿಯಮ ತರುತ್ತೇನೆ. ನಕಾಶೆ ಪಕ್ಕಾ ಆಗುವ ಮೀಟಿಂಗಿನಲ್ಲೇ ತರುತ್ತೇನೆ.”

ಬಾಗಿಲಲ್ಲಿದ್ದ ಕೆಲವರು ಹೌದೆಂದು ತಲೆಯಾಡಿಸಿದರು. ಅವ್ವನಿಗೆ ಎಲ್ಲ ಅರ್ಥವಾಗಿತ್ತು. ಮರಾಠಿ ಅವಳಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಸೆರಗಿನಿಂದ ಹೆಡ್‌ಸೆಟ್ಟಿನ ಗಾಜು ಒರೆಸಿ ನನ್ನ ಕೈಗೆ ಕೊಟ್ಟಳು.

ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನನಗೆ ಕೆಲಸ ಹೆಚ್ಚು ಮಾಡುವ ಚಟ. ಕಾಕಾ ಹೆದರಿದ್ದು ಊಹೆಗೆ ತಾನೇ? ಊಹೆ ಯಾಕೆ, ನಿಜವಾದ ಸಪ್ಪಳವನ್ನೇ ಕೇಳಿಸೋಣ ಎಂದುಕೊಂಡೆ. ನಮ್ಮ ವಿಭಾಗದಲ್ಲಿ ಧ್ವನಿಯ ಮೇಲೆ ಕೆಲಸ ಮಾಡುವ ಗೆಳತಿಯೊಬ್ಬಳಿದ್ದಾಳೆ. ಅವಳು ಕಾಲೇಜಿನಲ್ಲಿ ಕೆಳಗಿನ ಕೋಣೆಯ ತುಂಬ ಮೈಕುಗಳನ್ನಿಟ್ಟಳು. ಮೇಲಿನ ಕೋಣೆಯಲ್ಲಿ ಅವ್ವ, ಅವಳ ಹಲಗೆ, ಅವಳ ಹಿಟ್ಟು. ಕಾಲೇಜಿನ ಮೆಟ್ಟಿಲು ಹತ್ತುವಾಗ ಅವ್ವ ಹೊಸ ಸೀರೆ ಉಟ್ಟಿದ್ದಳು.

“ದಿನಾ ಹೆಂಗ ಬಡೀತಿ, ಹಂಗ ಬಡಿ” ಎಂದೆ. ಅವ್ವ ಬಡಿದಳು, ದಿನಾ ಬಡಿಯುವ ಹಾಗೆಯೇ: ಬೆರಳುಗಳ ಮುಂಭಾಗದಿಂದ, ಅಂಗೈ ಅಷ್ಟಾಗಿ ತಾಗಿಸದೆ.

ಅವಳ ಕೈ ಹಾಗಾದದ್ದಕ್ಕೆ ಕಾರಣವಿದೆ. ನಾನು ಚಿಕ್ಕವಳಿದ್ದಾಗ ನಮ್ಮದು ಒಂದೇ ಕೋಣೆ. ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದು ಪರದೆಯ ಆಚೆ ಮಲಗಿದರೆ ಈಚೆ ಅವ್ವ ರೊಟ್ಟಿ ಬಡಿಯಬೇಕು. ಅಪ್ಪ ಎಚ್ಚರಾಗದ ಹಾಗೆ ಬಡಿಯುವುದನ್ನು ಅವಳು ಕಲಿತಳು. ಅಪ್ಪನಿಗೆ ಹಗಲು ಪಾಳಿ ಸಿಕ್ಕಿತು, ನಮಗೆ ಮನೆ ದೊಡ್ಡದಾಯಿತು, ಅಪ್ಪ ಹೋದ; ಆ ಕೈ ಮಾತ್ರ ಹಾಗೆಯೇ ಉಳಿಯಿತು. ಊರಿಗೆ ಹೋದಾಗ ದೊಡ್ಡವ್ವ ಬಡಿಯುವುದನ್ನು ಕೇಳಿ ನಾನು ಬೆಚ್ಚುತ್ತಿದ್ದೆ, ಓಣಿಯ ತುದಿಗೂ ಕೇಳುತ್ತಿತ್ತು. “ನೀನೂ ಹಿಂಗ ಬಡಿ” ಎಂದರೆ ಅವ್ವ ನಗುತ್ತಿದ್ದಳು.

ಧ್ವನಿಯನ್ನು ಹೊಸ ಕಟ್ಟಡದ ಸ್ಲ್ಯಾಬಿನ ದಪ್ಪಕ್ಕೆ ಹೊಂದಿಸಿ ಮಾದರಿಯೊಳಗೆ ಸೇರಿಸಲು ಗೆಳತಿಗೂ ನನಗೂ ಊಟ ನೀರು ಮರೆತುಹೋಯಿತು. ಕಡೆಗೊಂದು ಮಧ್ಯಾಹ್ನ ನಾನು ಹೆಡ್‌ಸೆಟ್ ಹಾಕಿಕೊಂಡು ಕಾಕಾ ಅವರ ಮಲಗುವ ಕೋಣೆಯಲ್ಲಿ ನಿಂತೆ. ಗೆಳತಿ ಗುಂಡಿ ಒತ್ತಿದಳು.

ಧಪ್. ಧಪ್. ಧಪಧಪ. ಧಪ್.

ಸೂರಿನ ಆ ಮೂಲೆಯಿಂದಲೇ ಬಂತು! ನಾನು ಮುಖ ತಿರುಗಿಸಿದರೆ ಸಪ್ಪಳ ಎಡಕಿವಿಗೆ ಸರಿಯಿತು, ಬಾಗಿಲು ದಾಟಿ ಹೊರಗೆ ಹೋದರೆ ಮಂಕಾಯಿತು. ರೊಟ್ಟಿ ತಿರುಗಿಸುವಾಗಿನ ಆ ಚಿಕ್ಕ ತಡೆ, ಹಲಗೆ ತುಸು ಅಲುಗಿದ್ದು, ಎಲ್ಲ ಇತ್ತು. ನಾನು ಕಿರುಚಿದೆ. ಗೆಳತಿಯೂ ಕಿರುಚಿದಳು. ಇಬ್ಬರೂ ಕೈಕೈ ಹಿಡಿದು ಲ್ಯಾಬಿನಲ್ಲಿ ಕುಣಿದೆವು. ಅಲ್ಲಿಯವರೆಗೆ ನಾನು ಮಾಡಿದ ಕೆಲಸಗಳಲ್ಲೆಲ್ಲ ಅದೇ ಅತ್ಯುತ್ತಮ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ.

ಕುಣಿದು ದಣಿದು ಕೂತಾಗ ಗೊತ್ತಾಯಿತು. ಅಷ್ಟು ಮೆತ್ತಗೆ ಬಡಿದರೂ ಕೆಳಗೆ ಇಷ್ಟು ಸಪ್ಪಳ. ಕಾಕಾ ಹೆದರಿದ್ದು ಸರಿಯಾಗಿಯೇ ಇತ್ತು. ನನ್ನ ಅತ್ಯುತ್ತಮ ಕೆಲಸವೇ ನನ್ನ ತಾಯಿಯ ಕೆಲಸಕ್ಕೆ ಬಾಗಿಲು ಹಾಕುವಂತಿತ್ತು.

ಸಂಜೆ ಅವ್ವನಿಗೂ ಕೇಳಿಸಿದೆ, ಅವಳನ್ನು ಮಾದರಿಯೊಳಗಿನ ಕಾಕಾ ಅವರ ಮಂಚದ ಪಕ್ಕ ನಿಲ್ಲಿಸಿ. ಅವಳು ತಲೆಯೆತ್ತಿ ತನ್ನದೇ ಸಪ್ಪಳವನ್ನು ಕೇಳಿದಳು.

“ಇಷ್ಟ್ ಜೋರ್ ಆಗ್ತದೇನ?”

“ಹೌದವ್ವಾ.”

“ಮ್ಯಾಲ ನಾ ಇಬ್ಬರನ್ನ ಕರಕೊಂಡ್ ಕುಂತ್ರ ಈ ಮನಷ್ಯಾ ಹೆಂಗ ಮಲಗ್ಬೇಕು?” ಹೆಡ್‌ಸೆಟ್ ತೆಗೆದು ಹೇಳಿದಳು, “ಮೀಟಿಂಗಿನ್ಯಾಗ ಇದನ್ನ ಹಿಂಗೇ ಕೇಳಸು. ಸಣ್ಣ ಮಾಡಿ ಕೇಳಸಬ್ಯಾಡ.”

“ಕೇಳಸಿದ್ರ ರೊಟ್ಟಿ ಬಂದ್ ಆಗ್ತದ.”

“ಕೇಳಸದೇ ಇದ್ರ ನಾ ಅಲ್ಲಿ ದಿನಾ ಕಳ್ಳರಂಗ ಬಡೀಬೇಕಾಗ್ತದ. ಅದಕ್ಕಿಂತ ಬಂದ್ ಆಗೂದ ಚಲೋ.”

ಹಾಗೆಂದವಳು ಸುಮ್ಮನೆ ಕೂರಲಿಲ್ಲ. ಮರುದಿನ ಬೆಳಿಗ್ಗೆಯೇ ಅವಳ ಪ್ರಯೋಗ ಸುರುವಾಯಿತು. ಹಲಗೆಯ ಕೆಳಗೆ ಗೋಣಿಚೀಲ, ಆಮೇಲೆ ಊರಿನಿಂದ ತಂದ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ ಬಡಿದಳು. ಸಪ್ಪಳವೇನೋ ಅಡಗಿತು. ರೊಟ್ಟಿ ಮಾತ್ರ ಅಗಲವಾಗಲೊಲ್ಲದು, ಅಂಚೆಲ್ಲ ಬಿರುಕು. “ಹಲಗಿ ಪುಟೀತದ. ಹಾಸಿಗಿ ಮ್ಯಾಲ ಕುಂತು ಬಡದಂಗ ಆಗ್ತದ. ಕೆಳಗ ಗಟ್ಟಿ ಇರಬೇಕು” ಎಂದು ಕೌದಿ ಜಾಡಿಸಿ ಮಡಚಿಟ್ಟಳು.

ಕೆಳಗೆ ಗಟ್ಟಿ ಇರಬೇಕು, ಅದರ ಕೆಳಗೆ ಮೆತ್ತಗಿರಬೇಕು. ಗಟ್ಟಿಯದು ಪುಟಿಯದಷ್ಟು ಭಾರವಿರಬೇಕು. ಹಿಂಜವಾಡಿಯಿಂದ ಬರುವ ಬಸ್ಸುಗಳ ಗದ್ದಲದಲ್ಲಿ ರಸ್ತೆ ದಾಟುತ್ತಿರುವಾಗ ನನಗೆ ಥಟ್ಟನೆ ಹೊಳೆದದ್ದು ಬಚ್ಚಲುಮನೆ! ಬಚ್ಚಲಿನ ಕೆಳಗೆ ಸ್ಲ್ಯಾಬನ್ನು ತಗ್ಗಿಸಿಯೇ ಹಾಕುತ್ತಾರೆ, ಪೈಪು ಹಾಯಲಿ ಎಂದು. ಆಮೇಲೆ ತಗ್ಗು ತುಂಬಿಸಿ ಫರಸಿ ಕಲ್ಲು ಹಾಕುತ್ತಾರೆ. ರೊಟ್ಟಿಯ ಮೂಲೆಯಲ್ಲೂ ಸ್ಲ್ಯಾಬ್ ತಗ್ಗಿಸಿದರೆ? ತಗ್ಗಿನಲ್ಲಿ ಸುತ್ತಲೂ ಕೆಳಗೂ ರಬ್ಬರಿನ ದಪ್ಪ ಹಾಳೆ, ಅದರ ಮೇಲೆ ಗೋಡೆಗೆ ಎಲ್ಲೂ ತಾಗದ ಹಾಗೆ ಭಾರವಾದ ಕಾಂಕ್ರೀಟು. ಸಂಗೀತ ರೆಕಾರ್ಡ್ ಮಾಡುವ ಕೋಣೆಗಳಿಗೆ ಹಾಕುವ ನೆಲ ಅದು, ಹೊಸದೇನಲ್ಲ. ಅದನ್ನು ರೊಟ್ಟಿಗೆ ಹಾಕುವುದು ಹೊಸದು. ರಸ್ತೆಯ ನಡುವೆ ನಿಂತೇ ಆರ್ಕಿಟೆಕ್ಟನಿಗೆ ಫೋನ್ ಮಾಡಿದೆ. ರಿಕ್ಷಾದವನೊಬ್ಬ ಬೈದು ಹೋದ.

ಆರ್ಕಿಟೆಕ್ಟ್ ಮೊದಲು ಗೊಣಗಿದ. ಮಾದರಿಯಲ್ಲಿ ಬಚ್ಚಲು ಪಕ್ಕದಲ್ಲೇ ಇರುವುದನ್ನು ತೋರಿಸಿದ ಮೇಲೆ, ತಗ್ಗನ್ನು ರೊಟ್ಟಿಯ ಮೂಲೆಯವರೆಗೆ ಎಳೆಯುವುದು ಕಷ್ಟವಲ್ಲ ಎಂದ. ಕಾಲೇಜಿನ ಮೇಲಿನ ಕೋಣೆಯಲ್ಲಿ ಅಂಥದೇ ಒಂದು ಚಿಕ್ಕ ನೆಲ ಮಾಡಿಸಿದೆವು. ಅವ್ವ ಅದರ ಮೇಲೆ ಕೂತು ಬಡಿದಳು. “ಗಟ್ಟಿ ಅದ” ಎಂದಳು. ರೊಟ್ಟಿ ಅಗಲವಾಯಿತು, ಅಂಚು ಬಿರಿಯಲಿಲ್ಲ. ಕೆಳಗೆ ಗೆಳತಿ ಮೈಕಿನ ಮುಂದೆ ಕೂತು “ಸುರುಮಾಡಲು ಹೇಳೇ” ಎಂದು ನನಗೆ ಮೆಸೇಜು ಕಳಿಸಿದಳು. ಅವ್ವ ಆಗಲೇ ಮೂರನೆಯ ರೊಟ್ಟಿಯಲ್ಲಿದ್ದಳು.

ಮೀಟಿಂಗಿನ ಭಾನುವಾರ ಹಾಲಿನಲ್ಲಿ ಕುರ್ಚಿ ಸಾಲಲಿಲ್ಲ. ಕಾಕಾ ಅವರನ್ನು ನಡುವೆ ಕೂರಿಸಿ ಹೆಡ್‌ಸೆಟ್ ಹಾಕಿದೆ. ಅವ್ವ ಹೇಳಿದ ಹಾಗೆಯೇ ಮೊದಲು ಬರಿ ಸ್ಲ್ಯಾಬಿನ ಸಪ್ಪಳ. ಕಾಕಾ ತಕ್ಷಣ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು, “ಪುರೇ, ಪುರೇ!” ಎಂದರು. ಸಾಕು ಎಂದು ಬಾಯಿಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ. ಅವರ ಮುಖವೇ ಹೇಳುತ್ತಿತ್ತು. ಅವ್ವ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು.

ಆಮೇಲೆ ಹೊಸ ನೆಲದ್ದು. ಕಾಕಾ ಕೈ ಕೆಳಗಿಟ್ಟು ಕಾದರು. ಎಲ್ಲರೂ ಕಾದರು. ನಾನಂತೂ ಉಗುರು ಕಚ್ಚತೊಡಗಿದ್ದೆ.

“ಚಾಲೂ ಕೇಲಂ ಕಾ?” ಸುರುಮಾಡಿದೆಯಾ ಎಂದರು ಕಾಕಾ.

“ಆಗಲೇ ಸುರುವಾಗಿದೆ ಕಾಕಾ!”

ಹಾಲಿನಲ್ಲಿ ನಗೆಯೋ ನಗೆ. ಯಾರೋ ಚಪ್ಪಾಳೆ ತಟ್ಟಿದರು. ಕಾಕಾ ಮಾತ್ರ ನಗಲಿಲ್ಲ. ಹೆಡ್‌ಸೆಟ್ ತೆಗೆದು ಮಡಿಲಲ್ಲಿಟ್ಟುಕೊಂಡು ಹೇಳಿದರು, “ತಾಯಿ ನಿನ್ನವಳು, ಯಂತ್ರ ನಿನ್ನದು, ಗುಂಡಿಯೂ ನಿನ್ನ ಕೈಯಲ್ಲೇ. ನಾನು ಹೇಗೆ ನಂಬಲಿ?”

ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆಯುವುದರೊಳಗೆ ಅವ್ವ ಎದ್ದು ನಿಂತಳು. ಮರಾಠಿಯಲ್ಲೇ ಹೇಳಿದಳು, “ನಂಬಬೇಡಿ ಸಾಹೇಬ್. ನೆಲ ಹಾಕಿಸಲಿ. ಸ್ಲ್ಯಾಬ್ ಗಟ್ಟಿಯಾದ ಮೇಲೆ ನಾನು ಮೇಲೆ ಬಡಿಯುತ್ತೇನೆ, ನೀವು ಕೆಳಗೆ ನಿಂತು ನಿಮ್ಮ ಕಿವಿಯಲ್ಲೇ ಕೇಳಿ. ಕೇಳಿಸಿತೋ, ಅಂದಿನಿಂದಲೇ ಹಲಗೆ ಎತ್ತಿಡುತ್ತೇನೆ.”

ಕಾಕಾ ಒಪ್ಪಿದರು. ಸದ್ದಿನ ಉದ್ಯೋಗ ಬೇಡವೆಂಬ ನಿಯಮ ಹಾಗೇ ಪಾಸಾಯಿತು, ನಕಾಶೆಯೂ. ಮನೆಗೆ ಬಂದು ನಾನು ಅವ್ವನ ಮೇಲೆ ಕೂಗಾಡಿದೆ, ಯಾರು ಹೇಳಿದ್ದರು ಆ ಮಾತು ಕೊಡಲು ಎಂದು. “ನಿನ್ನ ಯಂತ್ರದ ಮ್ಯಾಲ ನಿನಗ ನಂಬಿಕಿ ಇಲ್ಲೇನ?” ಎಂದಳು.

ಹಳೆಯ ಕಟ್ಟಡ ಬಿತ್ತು. ನಾವು ಆಕುರ್ಡಿಯ ಬಾಡಿಗೆ ಮನೆಗೆ ಹೋದೆವು. ಅದು ನೆಲಮಹಡಿ, ಬಡಿತ ನಿಲ್ಲಲಿಲ್ಲ. ನಾನು ಸೈಟಿಗೆ ಹೋಗುವುದು ಬರುವುದು ಮಾಡುತ್ತಲೇ ಇದ್ದೆ. ಏಳನೆಯ ಮಹಡಿಯ ಸ್ಲ್ಯಾಬಿಗೆ ಕಬ್ಬಿಣ ಕಟ್ಟುವಾಗ ಟ್ಯಾಬ್ ಹಿಡಿದು ಅಲ್ಲೇ ನಿಂತಿದ್ದೆ. ಟ್ಯಾಬಿನ ಕ್ಯಾಮೆರಾದಲ್ಲಿ ಎದುರಿನ ಕಂಬಿಗಳ ಮೇಲೆಯೇ ನಾಳೆಯ ಗೋಡೆಗಳು ಹಸಿರು ಗೆರೆಯಾಗಿ ಕಾಣುತ್ತವೆ. ನಮ್ಮ ಮೂಲೆಯ ತಗ್ಗು ಗೆರೆಗೆ ಸರಿಯಾಗಿ ಕೂತಿದೆಯೇ ಎಂದು ಸುತ್ತಲೂ ತಿರುಗಿ ನೋಡಿದೆ. ಕೂತಿತ್ತು. ಕಬ್ಬಿಣ ಕಟ್ಟುತ್ತಿದ್ದ ಯಾದಗಿರಿ ಕಡೆಯ ಹೆಂಗಸರಿಗೂ ತೋರಿಸಿದೆ. ಒಬ್ಬಳು ಟ್ಯಾಬಿನಲ್ಲಿ ಇಣುಕಿ, “ರೊಟ್ಟಿ ಬಡ್ಯಾಕ ಇಷ್ಟ್ ದೊಡ್ಡ ಮೂಲಿಯೇನ್ರಿ ಅಕ್ಕಾರ?” ಎಂದು ಬಾಯಿಮೇಲೆ ಕೈಯಿಟ್ಟುಕೊಂಡಳು. ನನಗೆ ಯಾವ ಪ್ರಶಸ್ತಿ ಬಂದಿದ್ದರೂ ಅಷ್ಟು ಹೆಮ್ಮೆಯಾಗುತ್ತಿರಲಿಲ್ಲ.

ಸ್ಲ್ಯಾಬ್ ಗಟ್ಟಿಯಾಯಿತು. ತಗ್ಗಿನಲ್ಲಿ ರಬ್ಬರು, ರಬ್ಬರಿನ ಮೇಲೆ ಕಾಂಕ್ರೀಟು ಬಿದ್ದು ಅದೂ ಗಟ್ಟಿಯಾಯಿತು. ಒಂದು ದಿನ ಊಟದ ಹೊತ್ತಿಗೆ, ಯಂತ್ರಗಳೆಲ್ಲ ನಿಂತಿರುವಾಗ, ಅವ್ವ ಹಳದಿ ಹೆಲ್ಮೆಟ್ ಹಾಕಿಕೊಂಡು ಹಲಗೆ, ಹಿಟ್ಟಿನ ಡಬ್ಬಿಯೊಡನೆ ಸೈಟಿನ ಲಿಫ್ಟಿನಲ್ಲಿ ಏಳನೆಯ ಮಹಡಿಗೆ ಹೋದಳು. ಈ ಸಲ ತುರುಬಿನ ತಂಟೆ ಇರಲಿಲ್ಲ. ಬುದ್ಧಿವಂತೆ, ಜಡೆ ಹಾಕಿಕೊಂಡು ಬಂದಿದ್ದಳು. ಕಾಕಾ ಮತ್ತು ನಾನು ಆರನೆಯ ಮಹಡಿಯಲ್ಲಿ, ಗೋಡೆಯಿಲ್ಲದ ಅವರ ಮಲಗುವ ಕೋಣೆಯಲ್ಲಿ ನಿಂತೆವು. ಅವ್ವನಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದೆ.

“ಸುರು ಮಾಡ್ಲೇನ?” ಎಂದಿತು ಫೋನು.

“ಮಾಡವ್ವಾ.”

ಫೋನಿನಲ್ಲಿ ಬಡಿತ ಬಂತು. ಕಾಕಾ ಸೂರು ನೋಡಿದರು. ಫೋನು ನನ್ನ ಕೈಯಿಂದ ತೆಗೆದುಕೊಂಡು ಕಿವಿಗೆ ಹಿಡಿದರು, ಮತ್ತೆ ಸೂರು ನೋಡಿದರು. ಕೈಯಲ್ಲಿ ಸಪ್ಪಳ, ಮೇಲೆ ಮೌನ. ಎಲ್ಲೋ ಕೆಳಗೆ ಯಾರೋ ಕೈತೊಳೆಯುವ ನೀರಿನ ಸದ್ದು ಕೂಡ ಕೇಳುತ್ತಿತ್ತು. ಮೇಲಿನದು ಮಾತ್ರ ಇಲ್ಲ. ನಮ್ಮ ಲೆಕ್ಕ ಸರಿಯಿತ್ತು! ಕಾಕಾ ಅವರನ್ನು ಎತ್ತಿ ಕುಣಿಸಬೇಕೆನ್ನಿಸಿತು.

ಆಗ ಫೋನಿನೊಳಗೆ ಬೇರೆ ದನಿಗಳು ಕೇಳಿದವು. ಊಟದ ಡಬ್ಬಿ ಹಿಡಿದ ಯಾದಗಿರಿಯ ಹೆಂಗಸರು ಅವ್ವನ ಸುತ್ತ ನೆರೆದಿದ್ದರು.

“ಇದೇನ್ ಎವ್ವಾ, ಕೂಸು ಮಲಗಿಸಿದಂಗ ತಟ್ಟಾಕತ್ತೀರಿ? ಅಂಗೈ ಹಚ್ಚಿ ಬಡೀರಿ!”

ಅವ್ವ ನಕ್ಕಳು. ಆಮೇಲೆ ಫೋನಿನ ಹತ್ತಿರ ಬಾಯಿ ತಂದು ಕೇಳಿದಳು, “ಏನೂ ಕೇಳ್ಸವಲ್ದಂತೇನ? ಖರೇ ಹೇಳು.”

“ಏನೂ ಇಲ್ಲವ್ವಾ. ಕಾಕಾ ನಿಂತೇ ಇದ್ದಾರ.”

“ಹಂಗಾರ ಒಂದ್ ಸಲ ಜೋರಾಗಿ ಬಡೀಲೇನ? ಸಾಹೇಬ್ರನ್ನ ಕೇಳು.”

ನಾನು ಮರಾಠಿಯಲ್ಲಿ ಕೇಳಿದೆ. ಕಾಕಾ ಆಗಲಿ ಎಂದು ತಲೆಯಾಡಿಸಿದರು.

ಫೋನಿನಿಂದ ಬಂದ ಆ ಸಪ್ಪಳವನ್ನು ನಾನು ಅವ್ವನ ಕೈಯಿಂದ ಎಂದೂ ಕೇಳಿರಲಿಲ್ಲ. ಅಂಗೈ ಪೂರ್ತಿ ಹಲಗೆಗೆ ಬೀಳುವ ಸಪ್ಪಳ, ಓಣಿಯ ತುದಿಗೆ ಕೇಳಿಸುವ ದೊಡ್ಡವ್ವನ ಸಪ್ಪಳ. ಹೆಂಗಸರು “ಹಾಂ, ಈಗ ನೋಡ್ರಿ!” ಎಂದು ಕೂಗಿದರು. ಅವ್ವ ಉಸಿರು ಬಿಗಿಹಿಡಿದು ಬಡಿಯುತ್ತಿದ್ದಳು, ನಡುನಡುವೆ ನಗುತ್ತಿದ್ದಳು.

ಮತ್ತು ನಮ್ಮ ತಲೆಯ ಮೇಲೆ, ಸೂರಿನ ಆ ಮೂಲೆಯಲ್ಲಿ, ತೀರ ಸಣ್ಣಗೆ, ಅದು ಕೇಳಿಸಿತು. ಪಕ್ಕದ ಮನೆಯವರು ಮೆತ್ತಗೆ ಬಾಗಿಲು ತಟ್ಟಿದಷ್ಟು. ನನ್ನ ಮಾದರಿಯಲ್ಲಿ ಈ ಕೈ ಇರಲೇ ಇಲ್ಲ. ನಾನು ಅಳೆದದ್ದು ಅಪ್ಪ ಮಲಗಿದ್ದಾಗಿನ ಕೈಯನ್ನು.

ಕಾಕಾ ಅವರಿಗೂ ಕೇಳಿಸಿತ್ತು. ಪ್ರೆಸ್ ಶಾಪಿನಲ್ಲಿ ಬದುಕು ಕಳೆದರೂ ಕಿವಿ ಚುರುಕಾಗಿಯೇ ಇತ್ತು. ಆ ಮೂಲೆಯನ್ನೇ ನೋಡುತ್ತಿದ್ದರು. ಅವ್ವ ಕೊಟ್ಟ ಮಾತು ನೆನಪಾಯಿತು. ಈ ಹೆಂಗಸು ಹೇಳಿದಂತೆ ಹಲಗೆ ಎತ್ತಿಡುವವಳೇ.

ಬಡಿತ ನಿಂತಿತು. “ಏನಂತಾರ?” ಎಂದಿತು ಫೋನು, ಏದುಸಿರಿನಲ್ಲಿ.

ನ್ಯಾಯವಾಗಿ ನಾನೇ ಹೇಳಬೇಕಿತ್ತು. ಕಾಕಾ ನನ್ನನ್ನು ನೋಡಿದರು, ತುಟಿಯ ಮೇಲೆ ಬೆರಳಿಟ್ಟರು. ಆಮೇಲೆ ಫೋನನ್ನು ಬಾಯಿಯ ಹತ್ತಿರ ಹಿಡಿದು, ಪ್ರೆಸ್ ಶಾಪಿನ ಗದ್ದಲದಲ್ಲಿ ಮಾತಾಡುವವರ ಹಾಗೆ ಗಟ್ಟಿಯಾಗಿ ಹೇಳಿದರು.

“ಕಾಹೀ ನಾಹೀ, ವಹಿನಿ. ಕಾಹೀಚ್ ಐಕೂ ಯೇತ್ ನಾಹೀ. ಚಾಲೂ ದ್ಯಾ.”

ಏನೂ ಇಲ್ಲ ಅತ್ತಿಗೆ, ಏನೇನೂ ಕೇಳಿಸುತ್ತಿಲ್ಲ, ನಡೆಯಲಿ. ಮೇಲೆ ಹೆಂಗಸರು ಕೇಕೆ ಹಾಕಿದರು. ಅವ್ವ ಇನ್ನೊಂದು ಉಂಡೆ ತೆಗೆದುಕೊಂಡು ಬಡಿಯತೊಡಗಿದಳು. ಕಾಕಾ ಫೋನು ನನ್ನ ಕೈಗೆ ಕೊಟ್ಟು, ಅಲ್ಲೇ ಬಿದ್ದಿದ್ದ ಸಿಮೆಂಟು ಇಟ್ಟಿಗೆಯ ಮೇಲೆ ಕೂತು, ಅವಳು ಮುಗಿಸುವವರೆಗೂ ಸೂರಿನ ಕಡೆ ಕಿವಿಗೊಟ್ಟು ಕೇಳುತ್ತಿದ್ದರು.